ಒಂದೇ ಪ್ರೋಗ್ರಾಂ, ಎರಡು ಲ್ಯಾಪ್‌ಟಾಪ್, ಎರಡು ಮಳೆ ಲೆಕ್ಕ: ಮೊದಲು ತಾರೀಕು ನೋಡಿ

ಸರ್, ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ತೋಟದ ಮಳೆ ಲೆಕ್ಕ ಒಂದು ಸಿಎಸ್‌ವಿ ಫೈಲಲ್ಲಿದೆ (ಅಲ್ಪವಿರಾಮ ಹಾಕಿ ಬರೆದ ಸಾದಾ ಪಠ್ಯದ ಟೇಬಲ್). ಮಳೆ ಬಂದ ದಿನಕ್ಕೆ ಮಾತ್ರ ಒಂದು ಸಾಲು, ಮೊದಲ ಸಾಲು 14/04/2024. ಮಗ ಬರೆದುಕೊಟ್ಟ ಪೈಥಾನ್ ಪ್ರೋಗ್ರಾಂ ಅದನ್ನು ತಿಂಗಳುವಾರು ಕೂಡಿಸುತ್ತದೆ. ನಿಮ್ಮ ಹಳೇ ಲ್ಯಾಪ್‌ಟಾಪಲ್ಲಿ ಜುಲೈ ಮಳೆ ಕಮ್ಮಿ ಬರ್ತಿದೆ, ಮಗನ ಲ್ಯಾಪ್‌ಟಾಪಲ್ಲಿ ಜಾಸ್ತಿ. ವರ್ಷದ ಮೊತ್ತ ಮಾತ್ರ ಎರಡರಲ್ಲೂ ಒಂದೇ. ಇದಕ್ಕೆ ಕೆಳಗೆ ಒಬ್ಬರು ಪ್ರೊಸೆಸರ್ ಹೋಗಿದೆ, ವಿಂಡೋಸ್ ಹೊಸದಾಗಿ ಹಾಕಿಸಿ ಅಂದಿದ್ದಾರೆ. ದಯವಿಟ್ಟು ಆ ಕೆಲಸಕ್ಕೆ ಕೈ ಹಾಕಬೇಡಿ, ಸುಮ್ನೆ ದುಡ್ಡು ದಂಡ.

ವರ್ಷದ ಮೊತ್ತ ಒಂದೇ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಒಂದು ಸಾಲೂ ಕಳೆದುಹೋಗಿಲ್ಲ, ಕೂಡಿಸೋದರಲ್ಲೂ ತಪ್ಪಿಲ್ಲ. ಜುಲೈಯ ಮಳೆ ಬೇರೆ ತಿಂಗಳಿಗೆ ಹೋಗಿ ಕೂತಿದೆ, ಅಷ್ಟೇ. ಹಳೇ ಲ್ಯಾಪ್‌ಟಾಪಿನ ಔಟ್‌ಪುಟ್ಟಲ್ಲಿ ಜನವರಿ ಸಾಲು ಇದೆಯಾ ನೋಡಿ. ಲೆಕ್ಕ ಶುರುವಾಗಿದ್ದೇ ಏಪ್ರಿಲ್ಲಲ್ಲಿ, ಜನವರಿಗೆ ಮಳೆ ಎಲ್ಲಿಂದ ಬರಬೇಕು? ಬಂದಿದ್ದರೆ ಅದು 01/07, ಅಂದರೆ ಜುಲೈ ಒಂದರ ಮಳೆ. ಕಂಪ್ಯೂಟರ್ ಅದನ್ನು ಅಮೆರಿಕದವರ ಥರ ತಿಂಗಳು ಮೊದಲು ಅಂತ ಓದಿ ಜನವರಿ ಏಳು ಮಾಡಿಕೊಂಡಿದೆ. 15/07 ಮಾತ್ರ ಸರಿಯಾಗಿಯೇ ಉಳಿಯುತ್ತದೆ, ಯಾಕಂದರೆ ಹದಿನೈದನೇ ತಿಂಗಳು ಅಂತ ಇಲ್ಲ. ಹಾಗಾಗಿ 07/07 ಥರದ ತಾರೀಕು ಬಿಟ್ಟರೆ ಪ್ರತಿ ತಿಂಗಳ ಮೊದಲ 12 ದಿನ ಎಡವಟ್ಟು, 13ರಿಂದ ಆಚೆಗೆ ಎಲ್ಲ ಸರಿ. ನೋಡಿದ ತಕ್ಷಣ ಗೊತ್ತಾಗದೇ ಇರೋದು ಇದಕ್ಕೇ.

ಸರಿ, ಒಂದರಲ್ಲಿ ಯಾಕೆ ಹೀಗೆ, ಇನ್ನೊಂದರಲ್ಲಿ ಯಾಕಿಲ್ಲ? ನನಗೆ ಜಾಸ್ತಿ ಅನುಮಾನ ಪ್ಯಾಂಡಾಸ್ ವರ್ಶನ್ ಮೇಲೆ. ಪ್ಯಾಂಡಾಸ್ ಅಂದರೆ ಇಂಥ ಟೇಬಲ್ ಓದಿ ಲೆಕ್ಕ ಹಾಕೋಕೆ ಪೈಥಾನಲ್ಲಿ ಬಳಸೋ ಲೈಬ್ರರಿ. ಹಳೇ ಪ್ಯಾಂಡಾಸ್ ಪ್ರತಿ ತಾರೀಕನ್ನೂ ಬೇರೆ ಬೇರೆಯಾಗಿ ಊಹಿಸುತ್ತಿತ್ತು. ತಿಂಗಳು ಮೊದಲು ಅಂತ ಓದುತ್ತದೆ, ಆಗದಿದ್ದರೆ ದಿನ ಮೊದಲು ಅಂತ ಓದುತ್ತದೆ. 2023ರಲ್ಲಿ ಬಂದ 2.0 ವರ್ಶನ್‌ನಿಂದ ಮೊದಲ ಸಾಲು ನೋಡಿ ಒಂದು ಕ್ರಮ ಹಿಡಿದು ಉಳಿದದ್ದಕ್ಕೆಲ್ಲ ಅದನ್ನೇ ಹಾಕುತ್ತದೆ. ನಿಮ್ಮ ಮೊದಲ ಸಾಲು 14/04 ಆಗಿರೋದರಿಂದ ಮಗನ ಲ್ಯಾಪ್‌ಟಾಪಲ್ಲಿ ಎಲ್ಲ ಸರಿ ಬಂತು. ಅದೇ ಮೊದಲ ಮಳೆ 05/04ಕ್ಕೆ ಬಂದಿದ್ದರೆ ಅಲ್ಲೂ ತಿಂಗಳು ಮೊದಲು ಅಂತ ಹಿಡಿದು, 12 ದಾಟಿದ ತಾರೀಕು ಸಿಕ್ಕ ಕೂಡಲೇ ಎಡವುತ್ತಿತ್ತು. ಹಾಗಾಗಿ ಹೊಸ ವರ್ಶನ್ ಹಾಕಿಕೊಂಡ ಮಾತ್ರಕ್ಕೆ ಇದು ಬಗೆಹರಿದ ಹಾಗಲ್ಲ. ಎರಡೂ ಕಡೆ ಪಿಪ್ ಲಿಸ್ಟ್ ಕಮಾಂಡ್ (ಹಾಕಿರೋ ಪೈಥಾನ್ ಲೈಬ್ರರಿಗಳ ಪಟ್ಟಿ ತೋರಿಸುತ್ತದೆ) ಕೊಟ್ಟು ವರ್ಶನ್ ಹೋಲಿಸಿ.

ಇನ್ನೊಂದು ಅನುಮಾನ ಎಕ್ಸೆಲ್. ಫೈಲ್ ಎರಡೂ ಕಡೆ ಅದೇ ಅಂತೀರಿ, ಆದರೆ ನಡುವೆ ಯಾರಾದರೂ ಅದನ್ನು ಎಕ್ಸೆಲಲ್ಲಿ ತೆರೆದು ಸೇವ್ ಮಾಡಿದ್ದರೆ ಅದು ಅದೇ ಫೈಲ್ ಅಲ್ಲ. ವಿಂಡೋಸ್ ರೀಜನ್ ಸೆಟಿಂಗ್ ಅಮೆರಿಕದ್ದಿದ್ದರೆ ಎಕ್ಸೆಲ್ ಕೂಡ ಇದೇ ಆಟ ಆಡುತ್ತದೆ. ಇದನ್ನು ಪತ್ತೆ ಮಾಡೋದು ಸುಲಭ. ಎಕ್ಸೆಲ್ ಬಿಟ್ಟು ನೋಟ್‌ಪ್ಯಾಡಲ್ಲಿ ಫೈಲ್ ತೆರೆಯಿರಿ. ನೀವು 01/07/2024 ಅಂತ ಬರೆದದ್ದು 1/7/2024 ಆಗಿ ಸೊನ್ನೆ ಹಾರಿಹೋಗಿದ್ದರೆ ಎಕ್ಸೆಲ್ ಕೈಯಾಡಿಸಿದೆ ಅಂತಲೇ ಅರ್ಥ.

ಎರಡಕ್ಕೂ ಮದ್ದು ಒಂದೇ. ಊಹಿಸೋ ಕೆಲಸ ಕಂಪ್ಯೂಟರಿಗೆ ಬಿಡಬೇಡಿ. ತಾರೀಕು ಓದೋ ಸಾಲಲ್ಲಿ ಫಾರ್ಮ್ಯಾಟ್ ದಿನ, ತಿಂಗಳು, ವರ್ಷ ಅಂತ ಬಾಯಿಬಿಟ್ಟು ಹೇಳೋಕೆ ಮಗನಿಗೆ ಹೇಳಿ. ಮುಂದಿನ ಹೊಸ ಫೈಲಲ್ಲಿ ನೀವೂ ವರ್ಷ ಮೊದಲು ಬರೆಯಿರಿ, 2024-07-01 ಹೀಗೆ, ಆಗ ಪ್ರೋಗ್ರಾಂನ ಫಾರ್ಮ್ಯಾಟನ್ನೂ ಹಾಗೇ ಬದಲಿಸಿಸಿ. ಆಮೇಲೆ ಯಾವ ದೇಶದ ಸೆಟಿಂಗ್ ಇದ್ದರೂ ಗೊಂದಲ ಇರಲ್ಲ.

ಅಷ್ಟು ಮಾಡಿದರೂ ವ್ಯತ್ಯಾಸ ಉಳಿದರೆ ಕೊನೇ ಉತ್ತರ ನೋಡುತ್ತಾ ಕೂರಬೇಡಿ. ಫೈಲ್ ಓದಿದ ಮೇಲೆ ಎಷ್ಟು ಸಾಲು ಸಿಕ್ಕಿತು, ಮೊದಲ ಐದು ಸಾಲು ಯಾವುವು, ತಾರೀಕು ಬದಲಾದ ಮೇಲೆ ಹೇಗಿದೆ, ಇವನ್ನೆಲ್ಲ ಪ್ರಿಂಟ್ ಮಾಡಿಸಿ ಎರಡೂ ಲ್ಯಾಪ್‌ಟಾಪಿನದ್ದು ಪಕ್ಕ ಪಕ್ಕ ಇಡಿ. ಎಲ್ಲಿಯವರೆಗೆ ಒಂದೇ ಇದೆಯೋ ಅಲ್ಲಿಯವರೆಗೆ ತಂಟೆ ಇಲ್ಲ, ಮೊದಲು ಎಲ್ಲಿ ಬೇರೆಯಾಯ್ತೋ ಪ್ರೋಗ್ರಾಂನಲ್ಲಿ ಅದರ ಹಿಂದಿನ ಸಾಲಲ್ಲೇ ಕಳ್ಳ ಇದ್ದಾನೆ. ಇಷ್ಟು ಮಾಡಿದರೆ ಮುಕ್ಕಾಲು ಪಾಲು ತೊಂದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಮಳೆಯ ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ಕೂಡಿಸಿದಾಗ ದಶಾಂಶದ ಹತ್ತು ಹದಿನೈದನೇ ಸ್ಥಾನದಲ್ಲಿ ಬರೋ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕಂಪ್ಯೂಟರಲ್ಲಿ 0.1 ಅನ್ನೋದು ನಿಖರವಾಗಿ ಕೂರೋದೇ ಇಲ್ಲ, ಕೂಡಿಸೋ ಕ್ರಮ ಬದಲಾದರೆ ಬಾಲ ಬದಲಾಗುತ್ತದೆ. ಎರಡು ಸ್ಥಾನಕ್ಕೆ ರೌಂಡ್ ಮಾಡಿ ಬಿಟ್ಟುಬಿಡಿ.

ಮುಂದೆ ಮೂರು ನಾಲ್ಕು ಗೇಜ್ ಇಟ್ಟು ಒಂದೊಂದಕ್ಕೆ ಬೇರೆ ಫೈಲ್ ಮಾಡ್ತೀನಿ ಅಂದಿದ್ದೀರಿ. ಆಗ ಫೋಲ್ಡರಿನ ಫೈಲ್‌ಗಳನ್ನು ಓದೋ ಮುಂಚೆ ಸಾರ್ಟ್ ಮಾಡಿಸಿ. ವಿಂಡೋಸಲ್ಲಿ ಸಾಮಾನ್ಯವಾಗಿ ಹೆಸರಿನ ಕ್ರಮದಲ್ಲೇ ಸಿಗುತ್ತವೆ, ಲಿನಕ್ಸಲ್ಲಿ ಆ ಗ್ಯಾರಂಟಿ ಇಲ್ಲ. ಇದು ಸಣ್ಣ ವಿಷಯ ಅಲ್ಲ ಮತ್ತೆ. 2014ರಲ್ಲಿ ಪ್ರಕಟವಾಗಿ ರಸಾಯನಶಾಸ್ತ್ರದವರು ಬಳಸುತ್ತಿದ್ದ ಒಂದು ಪೈಥಾನ್ ಸ್ಕ್ರಿಪ್ಟ್ ಬೇರೆ ಬೇರೆ ಆಪರೇಟಿಂಗ್ ಸಿಸ್ಟಂಗಳಲ್ಲಿ ಬೇರೆ ಬೇರೆ ಉತ್ತರ ಕೊಡುತ್ತಿದ್ದದ್ದು ಫೈಲ್‌ಗಳು ಸಿಗೋ ಕ್ರಮ ಬದಲಾಗುತ್ತಿದ್ದ ಇದೇ ಕಾರಣಕ್ಕೆ. ಹವಾಯಿ ವಿಶ್ವವಿದ್ಯಾಲಯದವರು ಅದನ್ನು ಹಿಡಿದು ಹೇಳಿದ್ದು 2019ರಲ್ಲಿ.

ಆರ್ಡುಯಿನೋ (ಪ್ರೋಗ್ರಾಂ ಹಾಕಬಹುದಾದ ಸಣ್ಣ ಎಲೆಕ್ಟ್ರಾನಿಕ್ ಬೋರ್ಡ್) ಮಳೆಮಾಪಕದ ಪ್ರೋಗ್ರಾಂ ಇಎಸ್‌ಪಿ32 ಬೋರ್ಡಲ್ಲಿ ಸರಿ, ಊನೋ ಬೋರ್ಡಲ್ಲಿ ಯಾಕೆ ಕೈಕೊಡುತ್ತದೆ ಅಂತ ಕೆಳಗೆ ಕೇಳಿದವರಿಗೆ: ನಿಮ್ಮದು ಬೇರೆ ಕಥೆ. ಊನೋದಲ್ಲಿ ಇಂಟ್ ಅನ್ನೋ ಪೂರ್ಣಾಂಕದ ಡಬ್ಬಿ 32767 ದಾಟಲ್ಲ, ಇಎಸ್‌ಪಿ32ರಲ್ಲಿ ಇನ್ನೂರು ಕೋಟಿಗೂ ಮೇಲೆ ಹೋಗುತ್ತದೆ. ಮಿಲಿಸೆಕೆಂಡ್ ಲೆಕ್ಕವನ್ನು ಇಂಟಲ್ಲಿ ಇಟ್ಟಿದ್ದೀರಿ, ಅದಕ್ಕೇ ಊನೋದಲ್ಲಿ 32 ಸೆಕೆಂಡ್ ಆದ ಮೇಲೆ ಕೈಕೊಡುತ್ತಿದೆ. ಅದನ್ನು ಇನ್ನೂ ದೊಡ್ಡ ಡಬ್ಬಿಯಾದ ಅನ್‌ಸೈನ್ಡ್ ಲಾಂಗ್ ಮಾಡಿ.

ಸರ್, ಹಳೇ ಲ್ಯಾಪ್‌ಟಾಪಿನ ಪ್ಯಾಂಡಾಸ್ ವರ್ಶನ್, ನೋಟ್‌ಪ್ಯಾಡಲ್ಲಿ ಕಂಡ ಹತ್ತು ಸಾಲು, ಎರಡನ್ನೂ ಇಲ್ಲೇ ಹಾಕಿ. ಫೋಟೋ ಬೇಡ, ಕಾಪಿ ಮಾಡಿ ಹಾಕಿ.