ಕನ್ನಡದ ಜಾಗದಲ್ಲಿ ಐದು ಪ್ರಶ್ನೆ ಚಿಹ್ನೆ

ಪ್ರಶ್ನೆ: ನಮ್ಮ ಊರಿನ ಲೈಬ್ರರಿಯ ಪುಸ್ತಕದ ಪಟ್ಟಿ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನಲ್ಲಿದೆ. ಹಳೆ ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಕಾಣುತ್ತದೆ. ಹೊಸದರಲ್ಲಿ ಬರೀ ಪ್ರಶ್ನೆ ಚಿಹ್ನೆ. ಹೊಸದರಲ್ಲಿ ಸೇರಿಸಿದ ನಲವತ್ತು ಪುಸ್ತಕ ಮಾತ್ರ ಹಳೆಯದರಲ್ಲೂ ಹಾಗೇ ಕಾಣುತ್ತಿವೆ. ಪಟ್ಟಿ ಪೂರ್ತಿ ಮತ್ತೆ ಟೈಪ್ ಮಾಡಬೇಕಾ?
— ಓದುಗರು, ಸಾಗರ

ಉತ್ತರ: ಬೇಡ. ಆದರೆ ಮೊದಲು ಒಂದು ಕೆಲಸ ಮಾಡಿ, ಹೊಸ ಕಂಪ್ಯೂಟರಿನಲ್ಲಿ ಯಾರೂ ಏನನ್ನೂ ಸೇವ್ ಮಾಡದಂತೆ ಇವತ್ತೇ ನಿಲ್ಲಿಸಿ. ಹಳೆ ಪುಸ್ತಕವೊಂದನ್ನು ಅಲ್ಲಿ ತೆರೆದು ಸುಮ್ನೆ ಸೇವ್ ಒತ್ತಿದರೂ ಸಾಕು, ಆ ಪ್ರಶ್ನೆ ಚಿಹ್ನೆಗಳೇ ಹೋಗಿ ಡೇಟಾಬೇಸ್‌ನಲ್ಲಿ ಕೂರುತ್ತವೆ.

ಆಗಿರುವುದು ಇಷ್ಟು. ಸರ್ವರ್‌ನಲ್ಲಿ ಅಂದರೆ ಡೇಟಾಬೇಸ್ ಇರುವ ಕಡೆ, ಅಕ್ಷರಗಳು ಯುಟಿಎಫ್8ಎಂಬಿ4ನಲ್ಲಿವೆ, ಇದು ಎಲ್ಲ ಭಾಷೆಯ ಅಕ್ಷರಗಳನ್ನೂ ಬರೆದಿಡಬಲ್ಲ ಪದ್ಧತಿ. ಹೊಸ ಕಂಪ್ಯೂಟರಿನ ಪ್ರೋಗ್ರಾಂ ಮಾತ್ರ ಲ್ಯಾಟಿನ್1ನಲ್ಲಿ ಮಾತಾಡುತ್ತಿರುವ ಹಾಗಿದೆ. ಲ್ಯಾಟಿನ್1 ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಮಾಡಿದ ಹಳೆ ಪದ್ಧತಿ, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ, ಹಾಗಾಗಿ ಬದಲಿಸಲಾಗದ ಪ್ರತಿ ಅಕ್ಷರಕ್ಕೂ ಒಂದು ಪ್ರಶ್ನೆ ಚಿಹ್ನೆ ಬರುತ್ತದೆ. 'ಕನ್ನಡ' ನಮ್ಮ ಕಣ್ಣಿಗೆ ಮೂರೇ ಅಕ್ಷರ, ಯೂನಿಕೋಡ್‌ಗೆ, ಅಂದರೆ ಕಂಪ್ಯೂಟರುಗಳು ಬಳಸುವ ಅಕ್ಷರಪಟ್ಟಿಗೆ, ಐದು: ಕ, ನ, ವಿರಾಮ (ಒತ್ತಕ್ಷರ ಮಾಡುವ ಚಿಹ್ನೆ), ನ, ಡ. ಐದು ಪ್ರಶ್ನೆ ಚಿಹ್ನೆ ಕಂಡರೆ ಕಾರಣ ಇದೇ. ಅದರ ಬದಲು ತಲೆ ಮೇಲೆ ಗೀಟಿರುವ ಇಂಗ್ಲಿಷಿನ 'ಎ'ಯಂಥ ವಿಚಿತ್ರ ಅಕ್ಷರಗಳು ಸಾಲಾಗಿ ಕಂಡಿದ್ದರೆ ರೋಗ ಬೇರೆ, ಅದಕ್ಕೆ ಔಷಧಿಯೂ ಬೇರೆ.

ಕಣ್ಣನ್ನು ನಂಬಬೇಡಿ, ಬೈಟ್‌ಗಳನ್ನು, ಅಂದರೆ ಅಕ್ಷರದ ಹಿಂದೆ ನಿಜವಾಗಿ ಉಳಿದಿರುವ ಅಂಕಿಗಳನ್ನು ನೋಡಿ. ಪುಸ್ತಕದ ಹೆಸರಿನ ಕಾಲಂ ಮೇಲೆ, ಈ ಅಂಕಿಗಳನ್ನು ತೋರಿಸುವ ಹೆಕ್ಸ್ ಫಂಕ್ಷನ್ ಹಾಕಿ. 'ಕ' ಇದ್ದಲ್ಲಿ ಇ0ಬಿ295 ಬಂದರೆ ಅಕ್ಷರ ಭದ್ರವಾಗಿದೆ, ಕೆಟ್ಟಿರುವುದು ತೋರಿಸುವ ದಾರಿ ಅಷ್ಟೇ. 3ಎಫ್ 3ಎಫ್ ಎಂದು ಬಂದರೆ ಅಲ್ಲಿರುವುದು ನಿಜವಾದ ಪ್ರಶ್ನೆ ಚಿಹ್ನೆ, ಮೂಲ ಅಕ್ಷರ ಬರೆಯುವಾಗಲೇ ಹೋಗಿದೆ, ಯಾವ ಕಮಾಂಡಿನಿಂದಲೂ ವಾಪಸ್ ಬರಲ್ಲ. ನಿಮ್ಮ ನಲವತ್ತು ಪುಸ್ತಕಗಳ ಗತಿ ಇದೇ ಆಗಿರಬೇಕು, ಬೇಜಾರಿನ ಸಂಗತಿ.

ಸರಿ ಮಾಡುವುದು ಸುಲಭ. ಹೊಸ ಪ್ರೋಗ್ರಾಂನ ಕನೆಕ್ಷನ್ ಸೆಟ್ಟಿಂಗ್‌ನಲ್ಲಿ ಕ್ಯಾರೆಕ್ಟರ್ ಸೆಟ್ (ಅಕ್ಷರ ಬರೆಯುವ ಪದ್ಧತಿ) ಯುಟಿಎಫ್8ಎಂಬಿ4 ಮಾಡಿ. ಕಮಾಂಡ್ ಲೈನ್‌ನಲ್ಲಾದರೆ 'ಸೆಟ್ ನೇಮ್ಸ್ ಯುಟಿಎಫ್8ಎಂಬಿ4' ಕೊಟ್ಟರೆ ಕ್ಲೈಂಟ್, ಕನೆಕ್ಷನ್, ರಿಸಲ್ಟ್ ಮೂರರ ಕ್ಯಾರೆಕ್ಟರ್ ಸೆಟ್ಟುಗಳೂ ಒಂದೇ ಸಲಕ್ಕೆ ಬದಲಾಗುತ್ತವೆ. ಬರೀ ಯುಟಿಎಫ್8 ಎಂದು ಬರೆದು ಬಿಡಬೇಡಿ. ಮೈಎಸ್‌ಕ್ಯೂಎಲ್‌ನಲ್ಲಿ ಅದು ಅಕ್ಷರಕ್ಕೆ ಮೂರು ಬೈಟ್‌ವರೆಗೆ ಮಾತ್ರ, ಕನ್ನಡಕ್ಕೆ ಸಾಕು, ಎಮೋಜಿಗೆ ಸಾಲದು. ಅಂದ ಹಾಗೆ 2018ರಲ್ಲಿ ಬಂದ ಮೈಎಸ್‌ಕ್ಯೂಎಲ್ 8.0ಗಿಂತ ಮುಂಚೆ ಏನೂ ಹೇಳದಿದ್ದರೆ ಸಿಗುತ್ತಿದ್ದದ್ದು ಲ್ಯಾಟಿನ್1, ಎಷ್ಟೋ ಹಳೆ ಸೆಟ್ಟಿಂಗ್‌ಗಳು ಹಾಗೇ ಉಳಿದುಕೊಂಡಿವೆ.

ಒಂದು ಬ್ಯಾಕಪ್ ತೆಗೆದುಕೊಂಡೇ ಶುರು ಮಾಡಿ. ಸೆಟ್ಟಿಂಗ್ ಬದಲಿಸಿದ ಮೇಲೆ ಒಂದೇ ಒಂದು ಹೊಸ ಹೆಸರು ಟೈಪ್ ಮಾಡಿ, ಅದರ ಹೆಕ್ಸ್ ನೋಡಿ, ಇ0ಬಿ2 ಇಲ್ಲವೇ ಇ0ಬಿ3 ಎಂದು ಶುರುವಾದರೆ ರಿಜಿಸ್ಟರ್ ತೆಗೆದು ಆ ನಲವತ್ತನ್ನು ಮಾತ್ರ ಮತ್ತೆ ಸೇರಿಸಿ.