ನಿಮ್ಮ ಶೂಬರ್ಟ್ ಲೇಖನದ ಬಗ್ಗೆ

ನಮಸ್ಕಾರ,

ಆಸ್ಟ್ರಿಯಾದ ಸಂಗೀತ ರಚನಕಾರ ಶೂಬರ್ಟ್ ಮೇಲೆ ವಿಲ್ಲಿ ಫೋರ್ಸ್ಟ್ 1933ರಲ್ಲಿ ತೆಗೆದ ‘ಲೈಸೆ ಫ್ಲೇಹೆನ್ ಮೈನೆ ಲೀಡರ್’ ಸಿನಿಮಾದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಯಾಕೆಂದು ಹೇಳುತ್ತೇನೆ.

ಮೊದಲ ಪ್ಯಾರಾ ಪೂರ್ತಿ ಹೊಡೆದುಹಾಕಿ. ‘ಸಂಗೀತವೆಂಬುದು ಒಂದು ಸಾಗರ’ ಎಂದು ಶುರುವಾಗುವ ಬರಹಗಳು ನಮಗೆ ಬೇಕಾದಷ್ಟು ಬರುತ್ತವೆ.

ದೊಡ್ಡ ತೊಂದರೆ ಬೇರೆ ಇದೆ. ಸಿನಿಮಾ ಹೇಳಿದ ಕಥೆಯನ್ನೇ ನೀವು ಶೂಬರ್ಟನ ಜೀವನ ಅಂದುಕೊಂಡಿದ್ದೀರಿ. ಪ್ರೀತಿಸಿದ ಶಿಷ್ಯೆ ಕರೋಲಿನ್ ಕೈತಪ್ಪಿದ್ದಕ್ಕೇ ಅವನ ‘ಅಪೂರ್ಣ’ ಸಿಂಫನಿ (ವಾದ್ಯವೃಂದದ ದೊಡ್ಡ ಕೃತಿ) ಅರ್ಧಕ್ಕೆ ನಿಂತಿತು ಎಂದು ಬರೆದಿದ್ದೀರಿ. ಇಸವಿ ನೋಡಿದಿರಾ? ಅದನ್ನು ಬರೆದದ್ದು 1822ರಲ್ಲಿ, ಅವನು ತೀರಿಕೊಂಡದ್ದು 1828ರಲ್ಲಿ. ನಡುವಿನ ಆರು ವರ್ಷ ಸುಮ್ನೆ ಕೂತಿರಲಿಲ್ಲ, ಇನ್ನೊಂದು ದೊಡ್ಡ ಸಿಂಫನಿಯನ್ನೇ ಬರೆದು ಮುಗಿಸಿದ. ಅರ್ಧ ಉಳಿದದ್ದರ ಹಸ್ತಪ್ರತಿ ಗೆಳೆಯ ಹ್ಯೂಟನ್‌ಬ್ರೆನರ್ ಹತ್ತಿರ ಬಿದ್ದಿದ್ದು, ವಿಯೆನ್ನಾದ ಜನರಿಗೆ ಕೇಳಿಸಿದ್ದು 1865ರಲ್ಲಿ. ಸಿನಿಮಾದಲ್ಲಿ ಅವನು ಹಾಳೆ ಹರಿದು, ‘ನನ್ನ ಪ್ರೀತಿಯಂತೆ ಇದಕ್ಕೂ ಕೊನೆಯಿಲ್ಲ’ ಎಂಬರ್ಥದ ಸಾಲು ಬರೆಯುವ ದೃಶ್ಯ ಕಣ್ಣಲ್ಲಿ ನೀರು ತರಿಸುತ್ತದೆ, ಒಪ್ಪಿದೆ. ಆದರೆ ಅದು ಫೋರ್ಸ್ಟ್ ಕೈಚಳಕ. ಹಾಗೆಂದೇ ಹೊಗಳಿ.

ನಿಜವಾದ ಗುಟ್ಟು ನಿಮ್ಮ ಲೇಖನದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗಿದೆ! 1818ರಲ್ಲಿ ಕರೋಲಿನ್ ತಂದೆ, ಕೌಂಟ್ ಎಸ್ಟರ್‌ಹಾಜಿ ಮನೆಗೆ ಪಾಠ ಹೇಳಲು ಹೋದಾಗ ಅವಳು ಇನ್ನೂ ಚಿಕ್ಕ ಹುಡುಗಿ. 1824ರಲ್ಲಿ ಮತ್ತೆ ಹೋದ. ‘ನನಗೆ ಏನೂ ಅರ್ಪಿಸಿಲ್ಲವಲ್ಲ’ ಎಂದು ಅವಳು ರೇಗಿಸಿದ್ದಕ್ಕೆ, ಎಲ್ಲವೂ ನಿನ್ನದೇ ತಾನೇ ಎಂಬಂತೆ ಅವನು ಉತ್ತರಿಸಿದನೆಂದು ಆ ಮನೆಯ ಸ್ನೇಹಿತ, ಗಾಯಕ ಶೋನ್‌ಸ್ಟೈನ್ ನೆನಪಿಸಿಕೊಂಡಿದ್ದಾನೆ. ಸಾಯುವ ವರ್ಷ ಬರೆದ ಎಫ್ ಮೈನರ್ ಫ್ಯಾಂಟಸಿ ಮಾತ್ರ ಅವಳ ಹೆಸರಿಗೇ ಅರ್ಪಣೆಯಾಯಿತು. ಅದು ನಾಲ್ಕು ಕೈಗಳ ರಚನೆ. ಇಬ್ಬರು ಒಂದೇ ಪಿಯಾನೊ ಮುಂದೆ ಪಕ್ಕಪಕ್ಕ ಕೂತು ನುಡಿಸಬೇಕು, ಮೊಣಕೈಗೆ ಮೊಣಕೈ ತಾಗುತ್ತದೆ. ಬಾಯಿಬಿಟ್ಟು ಹೇಳಲಾರದವನು ಅರ್ಪಿಸಲು ಅಂಥದ್ದನ್ನೇ ಆರಿಸಿಕೊಂಡ. ಇದರ ಮೇಲೆ ನೀವು ಎರಡು ಪ್ಯಾರಾ ನಿಲ್ಲಬೇಕಿತ್ತು ಅಲ್ವಾ?

ಒಂದು ಕಡೆ ಮಾತ್ರ ನಾನು ಪೆನ್ಸಿಲ್ ಕೆಳಗಿಟ್ಟೆ. ಸಿನಿಮಾದಲ್ಲಿ ಶೂಬರ್ಟ್ ಪಿಯಾನೊ ನುಡಿಸುವಾಗ ಕರೋಲಿನ್ ಪಾತ್ರದ ಮಾರ್ತಾ ಎಗರ್ಟ್ ನಕ್ಕುಬಿಡುತ್ತಾಳೆ, ಅವನು ಅಲ್ಲಿಗೇ ನಿಲ್ಲಿಸಿ ಎದ್ದು ಹೋಗುತ್ತಾನೆ. ಅದನ್ನು ಒಂದೂ ವಿಶೇಷಣ ಹಾಕದೆ ಬರೆದಿದ್ದೀರಿ. ಲೇಖನ ಅಲ್ಲಿಂದ ಶುರುವಾಗಲಿ.

ತಿದ್ದಿ ಕಳಿಸಿ. ಜರ್ಮನ್ ಹೆಸರುಗಳ ಕಾಗುಣಿತ ನನಗೆ ಬಿಡಿ.