ಎನ್‌ಎಫ್‌ಎಲ್‌ನಲ್ಲಿ ಯೋಗ್ಯತೆಗಿಂತ ಜಾಸ್ತಿ ಹೆಸರು ಪಡೆದ ಕ್ವಾರ್ಟರ್‌ಬ್ಯಾಕ್ ಯಾರು? ಈಲೈ ಮ್ಯಾನಿಂಗಾ?

ನೀವು ಕೇಳಿರುವುದು ಎರಡು ಪ್ರಶ್ನೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಜನ ಸುಮ್ನೆ ಅಟ್ಟಕ್ಕೇರಿಸಿರುವ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡದ ಆಟ ನಡೆಸುವವನು, ಯಾರು? ನಿಮ್ಮ ರೂಮ್‌ಮೇಟ್‌ಗಳು ಹೇಳುವ ಹಾಗೆ ಅದು ಈಲೈ ಮ್ಯಾನಿಂಗ್ ಹೌದಾ? ಎರಡನೆಯದಕ್ಕೆ ನನ್ನ ಉತ್ತರ ಅಲ್ಲ. ಮೊದಲನೆಯದಕ್ಕೆ ಜೋ ನೇಮತ್, ಅರವತ್ತು-ಎಪ್ಪತ್ತರ ದಶಕದ ನ್ಯೂಯಾರ್ಕ್ ಜೆಟ್ಸ್ ಆಟಗಾರ. ಈ ಹೆಸರು ಹೇಳಿದರೆ ನ್ಯೂಯಾರ್ಕ್ ಕಡೆಯ ಹಳೆಯ ಅಭಿಮಾನಿಗಳಿಗೆ ಬೇಜಾರಾಗುತ್ತದೆ, ಗೊತ್ತು. ಆದರೂ ಕಾರಣ ಸಮೇತ ಹೇಳುತ್ತೇನೆ. ಅದಕ್ಕೂ ಮುಂಚೆ ನಾನು ಕಣ್ಣಾರೆ ನೋಡಿದ ಒಂದು ಪಂದ್ಯದಿಂದ ಶುರು ಮಾಡಬೇಕು.

ನ್ಯೂಜೆರ್ಸಿಯಲ್ಲಿದ್ದಾಗ ಪಕ್ಕದ ಮನೆಯ ಹಿರಿಯರೊಬ್ಬರು ನನಗೆ ಈ ಆಟ ಹೇಳಿಕೊಟ್ಟರು. ಈಲೈ ಆಡುತ್ತಿದ್ದ ಜೈಂಟ್ಸ್ ತಂಡ ಅಂದರೆ ಅವರಿಗೆ ಪ್ರಾಣ. 2013ರ ಡಿಸೆಂಬರ್ 15ರಂದು ಈಸ್ಟ್ ರುದರ್‌ಫರ್ಡ್‌ನ ಮೆಟ್‌ಲೈಫ್ ಸ್ಟೇಡಿಯಂಗೆ ನನ್ನನ್ನೂ ಕರೆದುಕೊಂಡು ಹೋದರು. ಎದುರಾಳಿ ಸಿಯಾಟಲ್ ಸೀಹಾಕ್ಸ್. ನಮ್ಮದು ಮೇಲಿನ ಸಾಲಿನ ಸೀಟು. ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ. ಮೇಲೆ ಕೂತರೆ 22 ಜನರೂ ಒಟ್ಟಿಗೆ ಕಾಣುತ್ತಾರೆ. "ಚೆಂಡು ನೋಡಬೇಡ, ಮುಂದೆ ನಿಂತಿರುವ ಆ ಐದು ಜನರನ್ನು ನೋಡು" ಎಂದರು ಹಿರಿಯರು.

ಆ ಐವರೇ ಅಫೆನ್ಸಿವ್ ಲೈನ್. ಕ್ವಾರ್ಟರ್‌ಬ್ಯಾಕ್ ಕೈಗೆ ಚೆಂಡು ಬಂದ ಕೂಡಲೇ ಎದುರಾಳಿಗಳು ಅವನ ಮೇಲೆ ನುಗ್ಗುತ್ತಾರೆ. ಅವರನ್ನು ತಡೆಯುವುದು ಈ ಐವರ ಕೆಲಸ. ಸರಿಯಾಗಿ ತಡೆದರೆ ಎರಡೂವರೆ, ಮೂರು ಸೆಕೆಂಡ್ ಸಿಗುತ್ತದೆ. ಅಷ್ಟರೊಳಗೆ ಯಾರ ಹತ್ತಿರ ಎದುರಾಳಿ ಇಲ್ಲ ಎಂದು ನೋಡಿ ಅವನು ಎಸೆಯಬೇಕು. ಅಂದು ಆ ಗೋಡೆ ಪದೇ ಪದೇ ಕುಸಿಯಿತು. ಕುಸಿಯದಿದ್ದಾಗಲೂ ಎಸೆಯಲು ಜಾಗವೇ ಇರಲಿಲ್ಲ, ಸಿಯಾಟಲ್‌ನವರು ಪ್ರತಿಯೊಬ್ಬನ ಬೆನ್ನಿಗೂ ಅಂಟಿಕೊಂಡಿದ್ದರು. ಈಲೈ ಐದು ಸಲ ಚೆಂಡನ್ನು ಎದುರಾಳಿ ಕೈಗೆ ಕೊಟ್ಟ. ಅಂದರೆ ಐದು ಇಂಟರ್‌ಸೆಪ್ಷನ್. ಜೈಂಟ್ಸ್ 0-23ರಿಂದ ಸೋತಿತು. ವಾಪಸ್ ಬರುವಾಗ ಜನರ ಬಾಯಲ್ಲಿ ಒಂದೇ ಹೆಸರು, ಬೈಗುಳವೆಲ್ಲ ಅವನೊಬ್ಬನಿಗೆ.

ಸರಿಯಾಗಿ ಏಳು ವಾರದ ನಂತರ, 2014ರ ಫೆಬ್ರವರಿ 2ರಂದು, ಅದೇ ಸ್ಟೇಡಿಯಂನಲ್ಲಿ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ನಡೆಯಿತು. ಸಿಯಾಟಲ್ ಎದುರು ಈ ಸಲ ಈಲೈಯ ಅಣ್ಣ ಪೇಟನ್ ಮ್ಯಾನಿಂಗ್, ಡೆನ್ವರ್ ತಂಡದಲ್ಲಿ. ಆ ಸೀಸನ್‌ನಲ್ಲಿ ಅವನು 55 ಟಚ್‌ಡೌನ್ ಪಾಸ್ (ಎದುರಾಳಿಯ ಗೆರೆ ದಾಟಿಸಿ ಅಂಕ ತರುವ ಎಸೆತ) ಮತ್ತು 5,477 ಯಾರ್ಡ್ ಎಸೆದು ಎರಡರಲ್ಲೂ ದಾಖಲೆ ಬರೆದಿದ್ದ. ಪಂದ್ಯದ ಮೊದಲ ಚೆಂಡೇ ಅವನ ತಲೆಯ ಪಕ್ಕದಿಂದ ಹಾರಿ ಹಿಂದಕ್ಕೆ ಹೋಯಿತು. ಚೆಂಡು ಡೆನ್ವರ್‌ನದೇ ಗೆರೆಯಾಚೆ ಸೇರಿದ್ದಕ್ಕೆ 12 ಸೆಕೆಂಡಿಗೇ ಸಿಯಾಟಲ್‌ಗೆ ಎರಡು ಅಂಕ. ಕೊನೆಗೆ ಡೆನ್ವರ್ 8-43ರಿಂದ ಸೋತಿತು.

ಇನ್ನೆರಡು ವರ್ಷ ಮುಂದೆ ಬನ್ನಿ. 2015ರ ಸೀಸನ್‌ನಲ್ಲಿ ಅದೇ ಪೇಟನ್‌ಗೆ 39 ವಯಸ್ಸು, ತೋಳಿನಲ್ಲಿ ಬಲ ಉಳಿದಿರಲಿಲ್ಲ. 9 ಟಚ್‌ಡೌನ್, 17 ಇಂಟರ್‌ಸೆಪ್ಷನ್. ನಡುವೆ ಅವನನ್ನು ಬೆಂಚಿನ ಮೇಲೂ ಕೂರಿಸಿದರು. ಆ ವರ್ಷವೇ ಡೆನ್ವರ್ ಕೆರೊಲೈನಾವನ್ನು 24-10ರಿಂದ ಸೋಲಿಸಿ ಸೂಪರ್ ಬೌಲ್ ಗೆದ್ದಿತು. ಫೈನಲ್‌ನಲ್ಲಿ ಪೇಟನ್ ಎಸೆದದ್ದು ಬರೀ 141 ಯಾರ್ಡ್, ಒಂದೂ ಟಚ್‌ಡೌನ್ ಇಲ್ಲ. ಗೆಲ್ಲಿಸಿದ್ದು ವಾನ್ ಮಿಲ್ಲರ್ ಮತ್ತು ಅವನ ಜೊತೆಗಿದ್ದ ಡಿಫೆನ್ಸ್, ಅಂದರೆ ಎದುರಾಳಿಯನ್ನು ತಡೆಯುವ ಪಡೆ. ಪೇಟನ್ ಉತ್ತುಂಗದಲ್ಲಿದ್ದ ವರ್ಷ ಸೂಪರ್ ಬೌಲ್ ಗೆದ್ದವರಿಗೆ ಕೊಡುವ ಉಂಗುರ ಸಿಗಲಿಲ್ಲ. ಅತಿ ಕೆಟ್ಟದಾಗಿ ಆಡಿದ ವರ್ಷ ಸಿಕ್ಕಿತು. ಹಾಗಿದ್ದ ಮೇಲೆ ಉಂಗುರ ಎಣಿಸಿ ಕ್ವಾರ್ಟರ್‌ಬ್ಯಾಕ್‌ಗೆ ಬೆಲೆ ಕಟ್ಟುವುದು ಎಷ್ಟು ಸರಿ? ಯೋಗ್ಯತೆಗಿಂತ ಜಾಸ್ತಿ ಹೆಸರು ಹುಟ್ಟುವುದೇ ಈ ಎಣಿಕೆಯಿಂದ.

ಲೆಕ್ಕ ಬರೆಯುವ ರೀತಿಯೂ ಹಾಗೇ ಇದೆ. ತಂಡದ ಗೆಲುವು ಸೋಲನ್ನು ಕ್ವಾರ್ಟರ್‌ಬ್ಯಾಕ್ ಹೆಸರಿನ ಮುಂದೆ ಬರೆಯುತ್ತಾರೆ, ಬೇರೆ ಯಾವ ಆಟಗಾರನಿಗೂ ಹಾಗೆ ಬರೆಯುವುದಿಲ್ಲ. ಒಳ್ಳೆಯ ಪಾಸ್ ಎಸೆದಿರುತ್ತಾನೆ, ಹಿಡಿಯಬೇಕಾದವನ ಕೈಗೆ ತಗುಲಿ ಚಿಮ್ಮಿ ಎದುರಾಳಿ ಕೈ ಸೇರಿದರೂ ಇಂಟರ್‌ಸೆಪ್ಷನ್ ಎಸೆದವನ ಖಾತೆಗೆ. ಕ್ರಿಕೆಟ್‌ನಲ್ಲಿ ಜೊತೆಗಾರನ ತಪ್ಪು ಕರೆಗೆ ರನೌಟ್ ಆಗುತ್ತಾರಲ್ಲ, ಹಾಗೆ.

ಈಗ ಈಲೈ ವಿಷಯ. ನಿಮ್ಮ ರೂಮ್‌ಮೇಟ್‌ಗಳ ಕೈಯಲ್ಲಿರುವ ಅಸ್ತ್ರ ನನಗೂ ಗೊತ್ತು. ರೆಗ್ಯುಲರ್ ಸೀಸನ್‌ನಲ್ಲಿ ಅವನ ಲೆಕ್ಕ 117 ಗೆಲುವು, 117 ಸೋಲು. ಮೂರು ಸೀಸನ್‌ಗಳಲ್ಲಿ ಇಡೀ ಲೀಗ್‌ನಲ್ಲೇ ಅತಿ ಹೆಚ್ಚು ಇಂಟರ್‌ಸೆಪ್ಷನ್ ಅವನದೇ, 2013ರಲ್ಲಂತೂ 27. ಇವೆಲ್ಲ ನಿಜ. ಇನ್ನೊಂದು ಕಡೆ ಎರಡು ಸೂಪರ್ ಬೌಲ್, ಎರಡರಲ್ಲೂ ಎಂವಿಪಿ (ಪಂದ್ಯಶ್ರೇಷ್ಠ), ಎರಡೂ ಟಾಮ್ ಬ್ರೇಡಿ ತಂಡದ ಎದುರು. ಇದೂ ನಿಜ.

ಮೊದಲನೆಯದನ್ನೇ ತೆಗೆದುಕೊಳ್ಳಿ, 2008ರ ಫೆಬ್ರವರಿ 3. ಬ್ರೇಡಿಯ ಪೇಟ್ರಿಯಟ್ಸ್ ಆ ವರ್ಷ 18 ಪಂದ್ಯ ಆಡಿ 18ನ್ನೂ ಗೆದ್ದಿತ್ತು. ಉಳಿದಿರುವುದು ಒಂದು ನಿಮಿಷ 15 ಸೆಕೆಂಡ್, ಜೈಂಟ್ಸ್ 10-14ರಿಂದ ಹಿಂದಿದೆ. ಈಲೈ ಕೈಗೆ ಚೆಂಡು ಬಂತು, ಗೋಡೆ ಕುಸಿಯಿತು. ಇಬ್ಬರು ಅವನ ಜೆರ್ಸಿ ಹಿಡಿದು ಎಳೆಯುತ್ತಿದ್ದಾರೆ. ಬಟ್ಟೆ ಹಿಗ್ಗಿದ್ದು ಟಿವಿಯಲ್ಲೇ ಕಾಣುತ್ತದೆ. ಅವನು ಹೇಗೋ ತಿರುಗಿ ಬಿಡಿಸಿಕೊಂಡು, ಹಿಂದಕ್ಕೆ ಓಡಿ, ಮೈದಾನದ ನಡುವಿಗೆ ಎತ್ತರಕ್ಕೆ ಎಸೆದ. ಅಲ್ಲಿದ್ದವನು ಡೇವಿಡ್ ಟೈರಿ. ಇಡೀ ರೆಗ್ಯುಲರ್ ಸೀಸನ್‌ನಲ್ಲಿ ಹಿಡಿದದ್ದು ನಾಲ್ಕೇ ಪಾಸ್. ಅವನು ಹಾರಿ ಹಿಡಿದ. ಪೇಟ್ರಿಯಟ್ಸ್‌ನ ರಾಡ್ನಿ ಹ್ಯಾರಿಸನ್ ಅವನ ಮೇಲೆ ಬಿದ್ದು ಕೈ ಕಿತ್ತ. ಒಂದು ಕೈ ಜಾರಿತು. ಟೈರಿ ಇನ್ನೊಂದು ಕೈಯಲ್ಲಿ ಚೆಂಡನ್ನು ತನ್ನ ಹೆಲ್ಮೆಟ್‌ಗೆ ಒತ್ತಿ ಹಿಡಿದು ಹಾಗೆಯೇ ನೆಲಕ್ಕೆ ಬಂದ. 32 ಯಾರ್ಡ್. 35 ಸೆಕೆಂಡ್ ಉಳಿದಿರುವಾಗ ಈಲೈ ಪ್ಲ್ಯಾಕ್ಸಿಕೋ ಬರೆಸ್‌ಗೆ ಟಚ್‌ಡೌನ್ ಎಸೆದ. 17-14.

ಜೆರ್ಸಿ ಬಿಡಿಸಿಕೊಂಡದ್ದು ಈಲೈಯ ಕೆಲಸ. ಹೆಲ್ಮೆಟ್‌ಗೆ ಒತ್ತಿ ಹಿಡಿದದ್ದು ಟೈರಿಯ ಕೆಲಸ. ಅದಕ್ಕೆ ಮುಂಚಿನ ಎಸೆತದಲ್ಲೇ ಪೇಟ್ರಿಯಟ್ಸ್‌ನ ಅಸಾಂಟೆ ಸ್ಯಾಮ್ಯುಯೆಲ್ ಕೈಗೆ ಇಂಟರ್‌ಸೆಪ್ಷನ್ ಸಿಗುವುದು ಸ್ವಲ್ಪದರಲ್ಲಿ ತಪ್ಪಿತ್ತು. ಸಿಕ್ಕಿದ್ದರೆ ಇವತ್ತು ಈಲೈ ಕಥೆಯೇ ಬೇರೆ. ಎಲ್ಲಕ್ಕಿಂತ ದೊಡ್ಡದು, ಆ ಸೀಸನ್‌ನಲ್ಲಿ 589 ಅಂಕ ಗಳಿಸಿದ್ದ ತಂಡವನ್ನು 14ಕ್ಕೆ ಕಟ್ಟಿಹಾಕಿದ ಜೈಂಟ್ಸ್ ಡಿಫೆನ್ಸ್. ಬ್ರೇಡಿಯನ್ನು ಐದು ಸಲ ಕೆಡವಿದರು. ನನ್ನ ಮನಸ್ಸಿನಲ್ಲಿ ಆ ಎಂವಿಪಿ ಆ ಡಿಫೆನ್ಸ್‌ನ ಜಸ್ಟಿನ್ ಟಕ್‌ಗೆ ಸಲ್ಲಬೇಕಿತ್ತು.

ಇಷ್ಟಾದರೂ ಈಲೈಗೆ ಸಿಕ್ಕ ಹೆಸರು ಜಾಸ್ತಿ ಆಯಿತು ಅಂತ ನನಗೆ ಅನ್ನಿಸುವುದಿಲ್ಲ. ಯಾಕೆಂದರೆ ಅವನನ್ನು ಹೊಗಳಿದಷ್ಟೇ ಬೈದಿದ್ದಾರೆ. ಒಟ್ಟು ಲೆಕ್ಕ ಹಾಕಿದರೆ ಸರಿಸುಮಾರು ಸರಿಯಾದ ಬೆಲೆಗೇ ಬಂದು ನಿಂತಿದ್ದಾನೆ: ಏರಿಳಿತ ಜಾಸ್ತಿ, ದೊಡ್ಡ ಪಂದ್ಯಕ್ಕೆ ಹೆದರದವನು, 210 ಪಂದ್ಯ ಸತತವಾಗಿ ಆಡಿದ ಗಟ್ಟಿ ಆಳು.

ನೇಮತ್ ವಿಷಯ ಹಾಗಲ್ಲ. ಅವನ ಹೆಸರು ನಿಂತಿರುವುದು ಒಂದೇ ಪಂದ್ಯದ ಮೇಲೆ. 1969ರ ಜನವರಿ 12, ಮಯಾಮಿ, ಮೂರನೇ ಸೂಪರ್ ಬೌಲ್. ಬಾಲ್ಟಿಮೋರ್ ಕೋಲ್ಟ್ಸ್ ಎದುರು ನ್ಯೂಯಾರ್ಕ್ ಜೆಟ್ಸ್. ಜೆಟ್ಸ್ 18 ಅಂಕದಿಂದ ಸೋಲುತ್ತದೆ ಅಂತ ಬಾಜಿಯವರ ಅಂದಾಜು. ಮೂರು ದಿನ ಮುಂಚೆ ನೇಮತ್ ಎಲ್ಲರೆದುರು ನಿಂತು ಗೆಲ್ಲುವುದು ಗ್ಯಾರಂಟಿ ಎಂದ. ಗೆದ್ದೂ ಬಿಟ್ಟರು, 16-7. ಮೈದಾನದಿಂದ ಹೊರಗೆ ಓಡುವಾಗ ಒಂದು ಬೆರಳು ಮೇಲೆತ್ತಿದ ಅವನ ಚಿತ್ರ ಅಮೆರಿಕದ ಕ್ರೀಡಾ ಇತಿಹಾಸದಲ್ಲಿ ಅಚ್ಚೊತ್ತಿದೆ. ಎಂವಿಪಿ ಕೂಡ ಅವನೇ.

ಆ ಪಂದ್ಯದ ಒಳಗೆ ಹೋಗಿ ನೋಡಿ. ನೇಮತ್ ಒಂದೂ ಟಚ್‌ಡೌನ್ ಪಾಸ್ ಎಸೆಯಲಿಲ್ಲ. ಕೊನೆಯ ಕ್ವಾರ್ಟರ್‌ನಲ್ಲಿ ಒಂದೇ ಒಂದು ಪಾಸ್ ಕೂಡ ಎಸೆಯಲಿಲ್ಲ. ಜೆಟ್ಸ್‌ನ ಏಕೈಕ ಟಚ್‌ಡೌನ್ ಮ್ಯಾಟ್ ಸ್ನೆಲ್‌ನದು. ಅವನು 30 ಸಲ ಚೆಂಡು ಹಿಡಿದು ನುಗ್ಗಿ 121 ಯಾರ್ಡ್ ಓಡಿದ. ಜೆಟ್ಸ್ ಡಿಫೆನ್ಸ್ ನಾಲ್ಕು ಇಂಟರ್‌ಸೆಪ್ಷನ್ ಕಸಿಯಿತು. ಮೊದಲಾರ್ಧದ ಕೊನೆಯಲ್ಲಿ ಬಾಲ್ಟಿಮೋರ್‌ನ ಜಿಮ್ಮಿ ಆರ್ ಗೆರೆಯ ಹತ್ತಿರ ಒಬ್ಬನೇ ನಿಂತು ಕೈ ಬೀಸುತ್ತಿದ್ದ, ಸುತ್ತ ಯಾರೂ ಇಲ್ಲ. ಬಾಲ್ಟಿಮೋರ್ ಕ್ವಾರ್ಟರ್‌ಬ್ಯಾಕ್ ಅರ್ಲ್ ಮೊರಾಲ್ ಅವನನ್ನು ನೋಡದೆ ನಡುವಿಗೆ ಎಸೆದ, ಅದು ಜೆಟ್ಸ್ ಪಾಲಾಯಿತು. ಆ ಕೈ ಬೀಸಿದ್ದು ಮೊರಾಲ್ ಕಣ್ಣಿಗೆ ಬಿದ್ದಿದ್ದರೆ ನೇಮತ್‌ನ ಗ್ಯಾರಂಟಿಯನ್ನು ಇಂದು ಯಾರೂ ನೆನೆಯುತ್ತಿರಲಿಲ್ಲವೇನೋ.

ಇನ್ನು ಇಡೀ ವೃತ್ತಿಜೀವನ. 173 ಟಚ್‌ಡೌನ್, 220 ಇಂಟರ್‌ಸೆಪ್ಷನ್. 13 ಸೀಸನ್‌ಗಳಲ್ಲಿ ಟಚ್‌ಡೌನ್ ಜಾಸ್ತಿ, ಇಂಟರ್‌ಸೆಪ್ಷನ್ ಕಮ್ಮಿ ಇದ್ದದ್ದು ಎರಡೇ ಸಲ, 1965 ಮತ್ತು 1969. ಸೂಪರ್ ಬೌಲ್ ಗೆದ್ದ ಸೀಸನ್‌ನಲ್ಲೂ 15 ಟಚ್‌ಡೌನ್‌ಗೆ 17 ಇಂಟರ್‌ಸೆಪ್ಷನ್. ಆ ಕಾಲವೇ ಹಾಗಿತ್ತು, 1978ರ ನಿಯಮ ಬದಲಾಗುವವರೆಗೆ ಡಿಫೆಂಡರ್‌ಗಳು ಪಾಸ್ ಹಿಡಿಯುವ ರಿಸೀವರ್‌ಗಳನ್ನು ದಾರಿಯುದ್ದಕ್ಕೂ ತಳ್ಳಬಹುದಿತ್ತು ಅಂತ ನಿಮಗೆ ಯಾರಾದರೂ ಹೇಳುತ್ತಾರೆ. ಒಪ್ಪುವ ಮಾತೇ. ಆದರೆ ಅದೇ ಕಾಲದ ಲೆನ್ ಡಾಸನ್ 239 ಟಚ್‌ಡೌನ್‌ಗೆ 183 ಇಂಟರ್‌ಸೆಪ್ಷನ್, ಸನ್ನಿ ಜರ್ಗೆನ್‌ಸನ್ 255ಕ್ಕೆ 189, ಫ್ರಾನ್ ಟಾರ್ಕೆಂಟನ್ 342ಕ್ಕೆ 266. ಅದೇ ನಿಯಮ ಇವರಿಗೂ ಇತ್ತು ಅಲ್ವಾ?

ನೇಮತ್ ಕೆಟ್ಟ ಆಟಗಾರ ಅಂತ ನಾನು ಹೇಳುತ್ತಿಲ್ಲ. 1967ರಲ್ಲಿ 14 ಪಂದ್ಯಗಳಲ್ಲಿ 4,007 ಯಾರ್ಡ್ ಎಸೆದ. ಒಂದು ಸೀಸನ್‌ನಲ್ಲಿ 4,000 ದಾಟಿದವರಲ್ಲಿ ಅವನೇ ಮೊದಲಿಗ. ಕಾಲೇಜಿನಲ್ಲೇ ಮಂಡಿ ಹೋಗಿತ್ತು, ಆ ಮಂಡಿಯಲ್ಲೇ ಇಷ್ಟು ವರ್ಷ ನಿಂತ. ಆ ಸೂಪರ್ ಬೌಲ್‌ನಲ್ಲೂ ಅವನ ಬುದ್ಧಿ ಕೆಲಸ ಮಾಡಿದೆ. ಜೆಟ್ಸ್‌ನ ರಿಸೀವರ್ ಡಾನ್ ಮೇನಾರ್ಡ್ ತೊಡೆ ನೋವಿನಲ್ಲಿದ್ದ, ಅದು ಬಾಲ್ಟಿಮೋರ್‌ಗೆ ಗೊತ್ತಿರಲಿಲ್ಲ. ಅವರೆಲ್ಲ ಮೇನಾರ್ಡ್ ಕಡೆಗೆ ವಾಲಿದರು. ನೇಮತ್ ಇನ್ನೊಂದು ಬದಿಯ ಜಾರ್ಜ್ ಸಾವರ್‌ಗೆ ಎಂಟು ಪಾಸ್ ತಲುಪಿಸಿದ. ಜೆಟ್ಸ್ ಆಗ ಆಡುತ್ತಿದ್ದ ಎಎಫ್‌ಎಲ್ ಎಂಬ ಹೊಸ ಲೀಗ್‌ಗೆ ಆ ಗೆಲುವಿನಿಂದ ಮರ್ಯಾದೆ ಬಂತು. ಇತಿಹಾಸದಲ್ಲಿ ಅವನ ಜಾಗ ಗಟ್ಟಿ, ಅದನ್ನು ಯಾರೂ ಕಿತ್ತುಕೊಳ್ಳಬಾರದು. ಆದರೆ ಆಟದ ಲೆಕ್ಕದಲ್ಲಿ ಶ್ರೇಷ್ಠರ ಸಾಲಿನಲ್ಲಿ ಕೂರಿಸಿ, 1985ರಲ್ಲಿ ಹಾಲ್ ಆಫ್ ಫೇಮ್‌ಗೂ (ಆಟದ ಶ್ರೇಷ್ಠರ ಗೌರವ ಪಟ್ಟಿ) ಸೇರಿಸಿದರಲ್ಲ, ಅದಕ್ಕೆ ನನ್ನ ತಕರಾರು.

ಈ ತಕರಾರು ಸುಮ್ನೆ ಅಲ್ಲ. ಸಿನ್ಸಿನಾಟಿಯ ಕೆನ್ ಆಂಡರ್ಸನ್ ಹೆಸರು ಕೇಳಿದ್ದೀರಾ? ಬಹುಶಃ ಇಲ್ಲ. 197 ಟಚ್‌ಡೌನ್, 160 ಇಂಟರ್‌ಸೆಪ್ಷನ್. ಎಸೆತದ ಗುಣಮಟ್ಟ ಅಳೆಯುವ ಪಾಸರ್ ರೇಟಿಂಗ್‌ನಲ್ಲಿ ನಾಲ್ಕು ಸೀಸನ್ ಲೀಗ್‌ಗೇ ಮೊದಲಿಗ. 1981ರಲ್ಲಿ ಇಡೀ ಲೀಗ್‌ನ ಎಂವಿಪಿ. ಅವನು ಆಡಿದ ಒಂದೇ ಸೂಪರ್ ಬೌಲ್‌ನಲ್ಲಿ ತಂಡ 21-26ರಿಂದ ಸೋತಿತು. 1986ರಲ್ಲಿ ಆಟ ಬಿಟ್ಟವನು ದಶಕಗಟ್ಟಲೆ ಹಾಲ್ ಆಫ್ ಫೇಮ್ ಬಾಗಿಲಲ್ಲೇ ಕಾದ. ಒಬ್ಬನಿಗೆ ಜಾಸ್ತಿ ಬಡಿಸಿದಾಗ ಯಾರದೋ ಎಲೆ ಖಾಲಿ ಉಳಿಯುತ್ತದೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಈಗಿನವರ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಆಟ ಮುಗಿಯದೆ ಲೆಕ್ಕ ಮುಗಿಯುವುದಿಲ್ಲ. ಡಲ್ಲಾಸ್ ತಂಡದ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್‌ಗೆ 2024ರಲ್ಲಿ ವರ್ಷಕ್ಕೆ 6 ಕೋಟಿ ಡಾಲರ್ ಒಪ್ಪಂದ ಆಯಿತು ಅಂತ ಅವನನ್ನು ಬೈಯುವವರಿದ್ದಾರೆ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಸಿಗುವುದು ಕಷ್ಟ, ಹಾಗಾಗಿ ದುಬಾರಿ. ಸಂಬಳಕ್ಕೆ ಮಿತಿ ಇರುವ ಲೀಗ್‌ನಲ್ಲಿ ಒಬ್ಬನಿಗೆ ಅಷ್ಟು ಕೊಟ್ಟರೆ ಮುಂದೆ ನಿಲ್ಲುವ ಆ ಐವರಿಗೆ ಕಮ್ಮಿ ಉಳಿಯುತ್ತದೆ. ಆ ತೂಕ ನೋಡಬೇಕಾದವರು ಮಾಲೀಕರು.

ನಿಮ್ಮ ರೂಮ್‌ಮೇಟ್‌ಗಳು ಮತ್ತೆ 117-117 ಎಂದರೆ, 2012ರ ಜನವರಿ 22ರ ಪಂದ್ಯ ಹಾಕಿ ಜೊತೆಯಲ್ಲಿ ಕೂತು ನೋಡಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಒದ್ದೆ ಮೈದಾನ. ಈಲೈ 58 ಸಲ ಎಸೆದ. ಆರು ಸಲ ಕೆಡವಿದರು. ಒಮ್ಮೆ ಎದ್ದಾಗ ಹೆಲ್ಮೆಟ್ ತುಂಬಾ ಮಣ್ಣು, ಗಲ್ಲದ ಪಟ್ಟಿ ಬಾಯಿಗೆ ಬಂದಿತ್ತು. ಒಂದೂ ಇಂಟರ್‌ಸೆಪ್ಷನ್ ಇಲ್ಲ. ಆದರೆ ಗೆಲುವಿನ ದಾರಿ ತೆರೆದದ್ದು ಎದುರಾಳಿಯ ಕೈಲ್ ವಿಲಿಯಮ್ಸ್ ಪಂಟ್ (ಒದ್ದು ಕಳಿಸಿದ ಚೆಂಡು) ಕಳೆದುಕೊಂಡದ್ದು, ಅದೂ ಎರಡು ಸಲ: ಒಮ್ಮೆ ಅವನ ಮಂಡಿಗೆ ತಗುಲಿ, ಇನ್ನೊಮ್ಮೆ ಓವರ್‌ಟೈಮ್‌ನಲ್ಲಿ ಹಿಡಿದು ಓಡುವಾಗ ಕೈಯಿಂದ ಜಾರಿ. 20-17. ನೋಡುವಾಗ ಒಂದು ಹತ್ತು ನಿಮಿಷ ಆ ಮುಂದಿನ ಐವರ ಮೇಲೆ ಮಾತ್ರ ಕಣ್ಣಿಡಿ. ಆಮೇಲೆ ಈಲೈ ಬಗ್ಗೆ ನಿಮಗೇನು ಅನ್ನಿಸಿತು ಅಂತ ಇಲ್ಲೇ ಬರೆಯಿರಿ, ಓದುತ್ತೇನೆ.